ಖಾಲಿ ವೇಬ್ರಿಡ್ಜಿನ ಮೇಲೆ ನೂರ ಎಂಬತ್ತು ಪೌಂಡು

ನಾರ್ತ್ ಡಕೋಟಾದ ನಮ್ಮೂರಿನ ಗೋಧಿ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಲಾರಿ ತೂಗಿದವನು ನಾನು. ಓದು ಅಷ್ಟಕ್ಕಷ್ಟೆ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಆ ಆಗಸ್ಟ್ ಮಧ್ಯಾಹ್ನ ತೂಕದ ಕಂಪ್ಯೂಟರ್ ತಾನಾಗಿ ಆರುತ್ತ, ತಾನಾಗಿ ಹೊತ್ತಿಕೊಳ್ಳತೊಡಗಿತು. ಹೊರಗೆ ಹನ್ನೊಂದು ಲಾರಿ ಗೋಧಿ ನಿಂತಿತ್ತು, ಪಶ್ಚಿಮದಲ್ಲಿ ಮಳೆಮೋಡ ಕಪ್ಪಿಟ್ಟಿತ್ತು. ತೂಗದೆ ಒಂದನ್ನೂ ಒಳಗೆ ಬಿಡುವಂತಿರಲಿಲ್ಲ.

ರಿಪೇರಿಗೆ ಬಂದ ಅರ್ಲಿಸ್ ಪೆಟ್ಟಿಗೆ ಬಿಚ್ಚಿ ಧೂಳು ಊದಿದಳು, ವೈರು ಬದಲಿಸಿದಳು. "ಬಿಸಿಯಾಗಿ ಆಫ್ ಆಗ್ತಿರ್ಬೇಕು ಅಜ್ಜ," ಎಂದು ಒಳಗೆ ಕೈಯಿಟ್ಟವಳು ಥಟ್ಟನೆ ಹಿಂದೆಳೆದುಕೊಂಡಳು. ಒಳಗೆಲ್ಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಹೊತ್ತಿಕೊಂಡಾಗಲೆಲ್ಲ ಪರದೆಯ ಮೇಲೆ ಅದೇ ತೂಕ ಬರುತ್ತಿತ್ತು: ನೂರ ಎಂಬತ್ತು ಪೌಂಡು, ಒಬ್ಬ ಗಂಡಾಳಿನ ತೂಕ. ಲಾರಿ ನಿಲ್ಲಿಸಿ ತೂಗುವ ವೇಬ್ರಿಡ್ಜ್ ಮಾತ್ರ ಖಾಲಿ. ಸೊನ್ನೆ ಮಾಡಲು ಹೋದರೆ ಮತ್ತೆ ಆರುತ್ತಿತ್ತು.

"ಡ್ರೈವರ್ ಕೆಳಗಿಳೀದೆ ನಿಂತ ಹಾಗಿದೆ," ಎಂದೆ. ನಮ್ಮಲ್ಲಿ ಡ್ರೈವರ್ ಇಳಿದ ಮೇಲೆಯೇ ಲಾರಿ ತೂಗುವುದು.

"ಏ ಮುದುಕಪ್ಪ, ಗೋಧಿ ಲಾರೀಲೇ ಮೊಳಕೆ ಒಡೀಬೇಕಾ?" ಮೊದಲ ಲಾರಿಯಿಂದ ಡೆಲ್ಮರ್ ಕೂಗಿದ.

"ಹೋಗಿ ಇಳಿಸ್ಕೊಂಡು ಬಾ ಅಜ್ಜ," ಎಂದು ಅರ್ಲಿಸ್ ನಕ್ಕಳು.

ಹೋಗಿ ವೇಬ್ರಿಡ್ಜಿನ ನಡುವೆ ನಿಂತೆ. ಕಾದ ಕಬ್ಬಿಣ ಒಂದು ಕಡೆ ಮಾತ್ರ ಬೂಟಿನಡಿ ತಣ್ಣಗಿತ್ತು.

"ಮುನ್ನೂರ ನಲವತ್ತು!" ಅರ್ಲಿಸ್ ಕಚೇರಿಯ ಕಿಟಕಿಯಿಂದ ಕೂಗಿದಳು. ಈಗ ಅವಳು ನಗುತ್ತಿರಲಿಲ್ಲ. ನನ್ನ ತೂಕ ನೂರ ಅರವತ್ತು.

"ಬಾಪ್ಪ, ಇಳಿಯೋಣ. ಜನ ಕಾಯ್ತಿದಾರೆ," ಎಂದು ಮೆಲ್ಲಗೆ ಹೇಳಿ ಇಳಿದೆ.

"ಸೊನ್ನೆ!" ಎಂದಳು. ಕಂಪ್ಯೂಟರ್ ಮತ್ತೆ ಆರಲಿಲ್ಲ. ಮಳೆಗೆ ಮುಂಚೆ ಹನ್ನೊಂದೂ ಲಾರಿ ಒಳಸೇರಿದವು.

ವೇಬ್ರಿಡ್ಜಿನಿಂದ ಇಳಿದು ನಾನು ಕಚೇರಿಗೆ ಮರಳಿದಾಗ ಅರ್ಲಿಸ್ ಬಾಗಿಲು ತೆರೆದು ಹಿಡಿದಿದ್ದಳು. ನಾನು ಒಳಬಂದ ಮೇಲೂ ಬಿಡದೆ, ಇನ್ನೊಬ್ಬರು ದಾಟುವಷ್ಟು ಹೊತ್ತು ಹಿಡಿದೇ ನಿಂತಳು. ಯಾಕೆಂದು ನಾನು ಇವತ್ತಿಗೂ ಕೇಳಿಲ್ಲ.