ಲೀಟರಿಗೆ ಹನ್ನೆರಡು

ಬೆಳಿಗ್ಗೆ ಐದೂವರೆಗೆ ವ್ಯಾನ್ ಚಾಲೂ ಆಯಿತು. ಚಾಲೂ ಮಾಡಿದ್ದು ಡ್ರೈವರ್ ಕೈಸರ ಅಲ್ಲ, ಐದನೇ ಕ್ಲಾಸಿನ ಅವನ ಮಗಳು ಬೇನಜೀರ.

ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಬೇಕು. ಹ್ಯಾಂಡ್ ಬ್ರೇಕ್ ಎಳೆದಿದೆಯೇ ನೋಡಬೇಕು. ಆಮೇಲೆ ಕೀಲಿ ತಿರುವಬೇಕು. ಅಬ್ಬಾ ಕಲಿಸಿದ್ದು ಇಷ್ಟೇ, ಬೇರೆ ಏನನ್ನೂ ಮುಟ್ಟುವ ಹಾಗಿರಲಿಲ್ಲ. ಇಂಜಿನ್ ಮೂರು ಸಲ ಕೆಮ್ಮಿ ನಾಲ್ಕನೇ ಸಲಕ್ಕೆ ಹಿಡಿಯಿತು. ಹಿಂದಿನ ಪೈಪಿನಿಂದ ಬಿಳಿ ಹೊಗೆ ಬಂತು.

ಬೇನಜೀರ ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದಳು. ಕೈಸರ ರಗ್ಗು ಹೊದ್ದು ಮಲಗಿದ್ದ. ಇಂಜಿನ್ನಿನ ಸದ್ದಿಗೂ ಅವನಿಗೆ ಎಚ್ಚರವಾಗಲಿಲ್ಲ. ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿ ಸೀಜನ್. ತೊಟ್ಟು ಬಿಡಿಸುವ ಹೆಂಗಸರನ್ನು ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಮೂರು ಟ್ರಿಪ್ ತರಬೇಕು, ಸಂಜೆ ಮೂರು ಟ್ರಿಪ್ ಬಿಡಬೇಕು. ನಡುವೆ ಮೆಣಸಿನಕಾಯಿ ಅಂಗಡಿಯಲ್ಲಿ ಚೀಲ ಎತ್ತಬೇಕು. ಹಿಂದಿನ ದಿನ ಅವನು ಊಟಕ್ಕೆ ಕೂತಲ್ಲೇ ತೂಕಡಿಸಿದ್ದ.

“ಐದೂ ಐವತ್ತಕ್ಕ ಗಾಡಿ ಚಾಲೂ ಮಾಡು, ಐದ ನಿಮಿಷ ಬಿಸಿ ಆಗಲಿ, ಆಮ್ಯಾಲೆ ನನ್ನ ಎಬ್ಬಸು,” ಎಂದು ಅವನು ಡಿಸೆಂಬರ್ ಮೊದಲ ವಾರದಲ್ಲಿ ಹೇಳಿದ್ದ. ಎರಡು ದಿನ ಅವಳು ಹಾಗೇ ಮಾಡಿದಳು. ಮೂರನೇ ದಿನ ವ್ಯಾನ್ ಅರ್ಧ ದಾರಿಯಲ್ಲಿ ಬಂದ್ ಬಿತ್ತು. ಕೈಸರ ಒಬ್ಬನೇ ನೂಕಿ ನೂಕಿ ಸೊಂಟ ಹಿಡಿಸಿಕೊಂಡು ಬಂದ.

ಐದು ನಿಮಿಷ ಸಾಲುವುದಿಲ್ಲ ಎಂದು ಬೇನಜೀರ ಲೆಕ್ಕ ಹಾಕಿದಳು. ಮರುದಿನದಿಂದ ಐದೂವರೆಗೇ ಚಾಲೂ ಮಾಡತೊಡಗಿದಳು. ಆಮೇಲೆ ವ್ಯಾನ್ ಒಂದು ದಿನವೂ ಬಂದ್ ಬೀಳಲಿಲ್ಲ. ಇದು ಅಬ್ಬಾನಿಗೆ ಗೊತ್ತಿರಲಿಲ್ಲ. ಹಿತ್ತಲ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಅಮ್ಮಿ, ಅವನೇ ಹೇಳಿರಬೇಕು ಅಂದುಕೊಂಡಿದ್ದಳು.

ಸರಿಯಾಗಿ ಐದು ಐವತ್ತೈದಕ್ಕೆ ಬೇನಜೀರ ಅವನ ಭುಜ ಅಲುಗಾಡಿಸಿದಳು. ಮೊದಲ ಟ್ರಿಪ್ಪಿನಲ್ಲಿ ಹೆಂಗಸರನ್ನು ಕರೆತರಲು ಜೊತೆಗೆ ಹೋಗುವ ಪಕ್ಕದ ಮನೆಯ ಚಮನಬಿ ಆಗಲೇ ಬಾಗಿಲಲ್ಲಿದ್ದಳು.

“ನಮ್ಮ ಹುಂಜಕ್ಕಿಂತ ಮೊದಲ ನಿನ್ನ ಗಾಡಿ ಕೂಗತೈತೋ ಕೈಸರ!” ಎಂದಳು.

“ನಿಮ್ಮ ಹುಂಜಕ್ಕ ವಯಸ್ಸಾಗೈತಿ ಖಾಲಾ,” ಎಂದ ಕೈಸರ, ಕಣ್ಣು ಬಿಡುವ ಮೊದಲೇ.

ಅದು ಶನಿವಾರ. ಮಧ್ಯಾಹ್ನ ಬೇನಜೀರ ಶಾಲೆ ಬಿಟ್ಟು ಬರುವಾಗ ಮನೆ ಮುಂದೆ, ಊಟಕ್ಕೆ ಬಂದಿದ್ದ ಕೈಸರನ ಎದುರಿಗೆ, ವ್ಯಾನಿನ ಮಾಲಕ ಪ್ರಭುಲಿಂಗಪ್ಪ ನಿಂತಿದ್ದರು. ಕೈಯಲ್ಲಿ ಪೆಟ್ರೋಲ್ ಬಂಕಿನ ಚೀಟಿಗಳಿದ್ದವು.

“ದೀಪಾವಳಿಗೆ ಗಾಡಿ ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡತಿತ್ತು. ಈಗ ಹನ್ನೆರಡು. ದಾರಿ ಮೊದಲಿನ ದಾರೀನ, ಟ್ರಿಪ್ಪೂ ಅಷ್ಟ. ವಾರಕ್ಕ ನಾಕು ಲೀಟರ್ ಎಲ್ಲಿ ಹೋತು ಕೈಸರ?”

“ಚಳಿ ಐತ್ರಿ ಸಾವಕಾರ್ರ. ಚಳಿಗೆ ಮೈಲೇಜ್ ಬೀಳತೈತಿ.”

“ಚಳಿ ಪೆಟ್ರೋಲ್ ಕುಡೀತೈತೇನು?”

“ನಾ ಕುಡಿಯಂಗಿಲ್ರಿ,” ಎಂದ ಕೈಸರ. ನಗಿಸಲು ಹೇಳಿದ್ದು, ಆದರೆ ಯಾರೂ ನಗಲಿಲ್ಲ.

“ನಾಳೆ ಗ್ಯಾರೇಜಿಗೆ ತಗೊಂಡ್ ಬಾ. ಗಾಡ್ಯಾಗ ಏನೂ ದೋಷ ಇಲ್ಲ ಅಂದ್ರ ಕೀಲಿ ಅಲ್ಲೇ ಕೊಟ್ಟಬಿಡು.” ಕಳ್ಳ ಎಂದು ಪ್ರಭುಲಿಂಗಪ್ಪ ಅನ್ನಲಿಲ್ಲ. ಅನ್ನದೆಯೂ ಅದು ಎಲ್ಲರಿಗೂ ಕೇಳಿಸಿತು.

ಭಾನುವಾರ ಹತ್ತು ಗಂಟೆಗೆ ವ್ಯಾನ್ ಫಕ್ಕೀರಸಾಬನ ಗ್ಯಾರೇಜ್ ಮುಂದೆ ನಿಂತಿತು. ಶಾಲೆ ಇಲ್ಲದ್ದರಿಂದ ಬೇನಜೀರಳೂ ಬಂದಿದ್ದಳು. ಫಕ್ಕೀರಸಾಬ ಮೂವತ್ತು ವರ್ಷದಿಂದ ಗಾಡಿ ರಿಪೇರಿ ಮಾಡುವ ಮುದುಕ. ವ್ಯಾನಿನ ಕೆಳಗೆ ಮಲಗಿ ಪೈಪ್ ನೋಡಿದ. ಸೋರುತ್ತಿರಲಿಲ್ಲ. ಪ್ಲಗ್ ತೆಗೆದು ನೋಡಿದ. ಸರಿ ಇತ್ತು. ಗೇಜ್ ಹಚ್ಚಿ ನಾಲ್ಕೂ ಟೈರಿನ ಗಾಳಿ ನೋಡಿದ.

“ಗಾಳಿ ಸ್ವಲ್ಪ ಕಡಿಮಿ ಐತಿ. ಚಳಿಗೆ ಗಾಳಿ ಕುಗ್ಗತೈತಿ, ಟೈರ್ ಮೆತ್ತಗಾಗತೈತಿ. ಮೆತ್ತನ ಟೈರ್ ಎಳಿಯಾಕ ಇಂಜಿನ್ನಿಗೆ ಜೋರು ಬೇಕು.”

“ಬರೇ ಅಷ್ಟಕ್ಕ ನಾಕು ಲೀಟರ್?” ಎಂದರು ಪ್ರಭುಲಿಂಗಪ್ಪ.

“ತಡೀರಿ ಸಾವಕಾರ್ರ. ನಿಮ್ಮ ಮನ್ಯಾಗ ಕೊಬ್ಬರಿ ಎಣ್ಣಿ ಹೆಪ್ಪಗಟ್ಟೈತಿಲ್ಲ? ಇಂಜಿನ್ ಆಯಿಲ್ ಅಷ್ಟು ಗಟ್ಟಿ ಆಗಂಗಿಲ್ಲ, ಆದ್ರ ದಪ್ಪ ಆಗತೈತಿ. ಅದರಾಗ ಇಂಜಿನ್ ತಿರುಗಬೇಕಲ್ಲ? ಮತ್ತ ಥಂಡಿ ಇಂಜಿನ್ನಾಗ ಪೆಟ್ರೋಲ್ ಸರಿಯಾಗಿ ಆವಿ ಆಗಂಗಿಲ್ಲ, ಅದಕ್ಕ ಹೆಚ್ಚಿಗೆ ಹೊಯ್ಯಬೇಕಾಗತೈತಿ. ಇವರ ಟ್ರಿಪ್ ಎಲ್ಲಾ ಸಣ್ಣವು. ಬಿಸಿ ಆಗೂದರಾಗ ಊರು ಬರತೈತಿ, ನಿಂತಲ್ಲೇ ಮತ್ತ ಆರತೈತಿ.”

ಕೈಸರನ ಮುಖ ಸ್ವಲ್ಪ ಸಡಿಲವಾಯಿತು. “ನಾ ಹೇಳಿದ್ನಲ್ರಿ.”

ಫಕ್ಕೀರಸಾಬ ಕೈ ಒರೆಸಿಕೊಂಡ. ಅವನು ಸುಳ್ಳು ಹೇಳುವ ಮನುಷ್ಯನಲ್ಲ, ಯಾರ ಪರವಾಗಿಯೂ.

“ಆದ್ರ ಕೈಸರ, ಇದಕ್ಕೆಲ್ಲಾ ವಾರಕ್ಕ ಎರಡು ಲೀಟರ್ ಹೋಗಬಹುದು. ನಮ್ಮ ಕಡೆ ಹಿಮ ಬೀಳತೈತೇನು, ಹದಿನಾಕು ಡಿಗ್ರಿ ಚಳಿ. ಉಳಿದ ಎರಡು ಲೀಟರ್ ಎಲ್ಲಿ ಹೋತು, ನನಗ ತಿಳಿವಲ್ದು.”

ಪ್ರಭುಲಿಂಗಪ್ಪ ಕೈ ಚಾಚಿದರು. ಕೈಸರ ಜೇಬಿನಿಂದ ಕೀಲಿ ತೆಗೆದ. ವಾದ ಮಾಡುವ ತ್ರಾಣವೂ ಅವನಲ್ಲಿ ಉಳಿದ ಹಾಗೆ ಕಾಣಲಿಲ್ಲ.

“ಬೆಳಿಗ್ಗೆ ಎಷ್ಟೊತ್ತು ಚಾಲೂ ಇಟ್ಟು ಬಿಡತೀ?” ಫಕ್ಕೀರಸಾಬ ಕೊನೆಯದಾಗಿ ಕೇಳಿದ.

“ಐದ ನಿಮಿಷ.”

“ಹಂಗಾದ್ರ ಅದೂ ಅಲ್ಲ.”

“ಚಾಚಾ,” ಎಂದಳು ಬೇನಜೀರ. “ನಿಂತ ಗಾಡಿಗೆ ಪೆಟ್ರೋಲ್ ಖರ್ಚಾಗತೈತೇನು? ಕಿಲೋಮೀಟರ್ ಓಡೂದ ಇಲ್ಲಲ್ಲ?”

“ಇಂಜಿನ್ ತಿರಗತಿರತೈತಲ್ಲ ಬೇಟಾ. ಪೆಟ್ರೋಲ್ ಸುಡತೈತಿ, ಗಾಡಿ ಅಲ್ಲೇ ಇರತೈತಿ. ಲೀಟರಿಗೆ ಎಷ್ಟು ಕಿಲೋಮೀಟರ್ ಆತು? ಸೊನ್ನೆ.”

ಬೇನಜೀರ ಅಬ್ಬಾನ ಕೈಯಲ್ಲಿದ್ದ ಕೀಲಿಯನ್ನು ನೋಡಿದಳು. ಈಗ ಹೇಳಿದರೆ ಅಬ್ಬಾ ಬೈಯಬಹುದು. ಮಕ್ಕಳ ಕೈಗೆ ಗಾಡಿ ಕೊಡುತ್ತಾನೆ ಎಂದು ಸಾವಕಾರರು ಕೀಲಿ ಇಸಿದುಕೊಳ್ಳಲೂಬಹುದು. ಹೇಳದಿದ್ದರೆ ಕೀಲಿ ಹೇಗೂ ಹೋಗುತ್ತದೆ, ಕಳ್ಳ ಎಂಬ ಹೆಸರಿನ ಜೊತೆ.

“ಐದ ನಿಮಿಷ ಅಲ್ರಿ. ಇಪ್ಪತ್ತೈದು,” ಎಂದಳು. “ನಾ ದಿನಾ ಐದೂವರೆಗೆ ಚಾಲೂ ಮಾಡತೇನಿ. ಮತ್ತ ಬಂದ್ ಬೀಳಬಾರದು ಅಂತ. ಅಬ್ಬಾಗ ಗೊತ್ತಿಲ್ಲ.”

ಕೈಸರ ಅವಳ ಕಡೆ ತಿರುಗಿದ. “ಐದೂವರೆಗೆ? ನೀ ಎಷ್ಟಕ್ಕ ಏಳತೀ?”

“ಐದೂ ಇಪ್ಪತ್ತೈದಕ್ಕ.”

“ಈ ಚಳ್ಯಾಗ?”

ಅವನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಬೇನಜೀರಳಿಗೆ ಅನಿಸಿತು.

ಫಕ್ಕೀರಸಾಬ ಬೆರಳು ಮಡಚಿದ. “ಥಂಡಿ ಇಂಜಿನ್, ಇಪ್ಪತ್ತೈದು ನಿಮಿಷ. ದಿನಕ್ಕ ಮುನ್ನೂರೈವತ್ತು ಎಂ.ಎಲ್. ಹಿಡೀರಿ. ಆರು ದಿನಕ್ಕ ಎರಡು ಲೀಟರ್ ಆತು ಸಾವಕಾರ್ರ.”

“ಹುಡುಗಿ ಅಪ್ಪನ್ನ ಉಳಿಸಾಕ ಹೇಳತಿರಬಹುದು,” ಎಂದರು ಪ್ರಭುಲಿಂಗಪ್ಪ.

“ಹಂಗಾದ್ರ ಅಳದು ನೋಡೋಣು. ಟ್ಯಾಂಕ್ ಇವತ್ತು ಕಂಠಮಟ ತುಂಬಸ್ರಿ. ಮೂರು ದಿನ ಓಡಲಿ. ಚಾಲೂ ಮಾಡಿ ಒಂದ ನಿಮಿಷಕ್ಕ ಹೊರಡು ಕೈಸರ, ಮೊದಲ ಎರಡು ಕಿಲೋಮೀಟರ್ ನಿಧಾನ ಹೊಡಿ. ಓಡುವಾಗನ ಇಂಜಿನ್ ಲಗೂ ಬಿಸಿ ಆಗತೈತಿ, ನಿಂತಲ್ಲೆ ಅಲ್ಲ. ಬುಧವಾರ ಸಂಜಿಗೆ ಮತ್ತ ಅಷ್ಟ ತುಂಬಸಿ ನೋಡ್ರಿ.”

“ಹುಡುಗಿ ಕೈಗೆ ಮಾತ್ರ ಕೀಲಿ ಕೊಡಬ್ಯಾಡ,” ಎಂದು ಹೇಳಿ ಪ್ರಭುಲಿಂಗಪ್ಪ ಕೈ ಹಿಂದೆ ತೆಗೆದುಕೊಂಡರು.

ಸೋಮವಾರ ಐದು ಇಪ್ಪತ್ತೈದಕ್ಕೆ ಬೇನಜೀರಳಿಗೆ ತಾನಾಗಿ ಎಚ್ಚರವಾಯಿತು. ಮಾಡುವ ಕೆಲಸ ಏನೂ ಇರಲಿಲ್ಲ. ಹೊರಗೆ ವ್ಯಾನ್ ಇಬ್ಬನಿಯಲ್ಲಿ ತೊಯ್ದು ಸುಮ್ಮನೆ ನಿಂತಿತ್ತು. ಅವಳು ಚಾದರ ಸುತ್ತಿಕೊಂಡು ಅಬ್ಬಾನ ಪಕ್ಕ ಕೂತಳು. ಅವನು ಬಾಯಿ ತೆರೆದು ಮಲಗಿದ್ದ. ಗಲ್ಲದ ಮೇಲೆ ಎರಡು ದಿನದ ಗಡ್ಡವಿತ್ತು. ಇಷ್ಟು ದಿನ ಇಂಜಿನ್ ಕಡೆಗೇ ಕಿವಿ ಇಟ್ಟವಳು ಅವನ ಉಸಿರು ಕೇಳಿರಲೇ ಇಲ್ಲ. ಅದು ಉದ್ದಕ್ಕೆ ಹೋಗಿ, ನಡುವೆ ತುಸು ತಡೆದು, ಮತ್ತೆ ಬರುತ್ತಿತ್ತು.

ಐದು ಐವತ್ತೈದರ ತನಕ ಕಾದು ಅವಳು ಅವನ ಭುಜ ಮುಟ್ಟಿದಳು.

ಬುಧವಾರ ಸಂಜೆ ಬಂಕಿನಲ್ಲಿ ಟ್ಯಾಂಕ್ ತುಂಬಲು ಒಂಬತ್ತು ಲೀಟರ್ ಹಿಡಿಯಿತು. ಮೂರು ದಿನಕ್ಕೆ ವ್ಯಾನ್ ಒಮ್ಮೆಯೂ ಬಂದ್ ಬೀಳದೆ ಓಡಿದ್ದು ನೂರಾ ಇಪ್ಪತ್ತೊಂದು ಕಿಲೋಮೀಟರ್. ಲೀಟರಿಗೆ ಹದಿಮೂರೂವರೆಗೆ ಕೂದಲೆಳೆಯಷ್ಟು ಕಡಿಮೆ, ಎಂದರೆ ವಾರಕ್ಕೆ ಫಕ್ಕೀರಸಾಬ ಹೇಳಿದ ಆ ಎರಡು ಲೀಟರ್ ಉಳಿತಾಯ. ಪ್ರಭುಲಿಂಗಪ್ಪ ಎರಡು ಸಲ ಭಾಗಿಸಿ ನೋಡಿದರು. ತಪ್ಪಾಯಿತು ಎಂದು ಹೇಳಲಿಲ್ಲ, ಕೀಲಿಯನ್ನೂ ಕೇಳಲಿಲ್ಲ.

ಹೆಂಗಸರು ಅಂಗಡಿಯ ಮುಂದೆ ಕಾಯುತ್ತಿದ್ದರು. ಕೈಸರ ಸಂಜೆಯ ಎರಡನೇ ಟ್ರಿಪ್ಪಿಗೆ ಹೊರಟ.