ನಾಲ್ಕನೇ ಚಕ್ರ

"ಅದನ್ನ ಮುಟ್ಟಬೇಡಿ!"

ಬಾಗಿಲಲ್ಲೇ ನಿಂತು ಅವಳು ಕೂಗಿದ ರಭಸಕ್ಕೆ, ಮೂಲೆಯ ಮೆಷಿನ್ನಿನತ್ತ ಚಾಚಿದ್ದ ಅವನ ಕೈ ಗಾಳಿಯಲ್ಲೇ ನಿಂತಿತು.

"ಚಕ್ರ ಹಾಕೋಕೆ ಬಂದವನು ಮೇಡಂ. ಮುಟ್ಟದೆ ಹೇಗೆ ಹಾಕ್ಲಿ?"

"ಉಳಿದ ಆರಕ್ಕೆ ಹಾಕಿ. ಇದು ಇಲ್ಲೇ ಇರುತ್ತೆ."

ನೆಲದಡಿಯ ಪೈಪು ಒಡೆದಿತ್ತು. ಗೇಮ್ ಪಾರ್ಲರಿನ ನೆಲವನ್ನೆಲ್ಲ ಕಿತ್ತು ಹೊಸದಾಗಿ ಹಾಕಬೇಕು. ಆಳೆತ್ತರದ ಏಳು ಮೆಷಿನ್‌ಗಳನ್ನು ಅಷ್ಟರಲ್ಲಿ ಹಿಂದಿನ ಕೋಣೆಗೆ ಸಾಗಿಸಬೇಕು. ಒಂದೊಂದೂ ಇಬ್ಬರು ಆಳಿನ ತೂಕ. ಅದಕ್ಕೇ ಅವನನ್ನು ಕರೆಸಿದ್ದರು.

ಏಳನೆಯದು ಅವಳ ಗಂಡನದು.

ತೀರಿಹೋಗುವ ಹಿಂದಿನ ಸಂಜೆ ಅವನು ಅದರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಹೊಡೆದು, ಪಟ್ಟಿಯ ತುದಿಯಲ್ಲಿ ತನ್ನ ಹೆಸರಿನ ಮೂರಕ್ಷರ ಬರೆದಿದ್ದ. ಹಳೇ ಕಾಲದ ಮೆಷಿನ್ನು. ಒಮ್ಮೆ ಆರಿಸಿದರೆ ಎಲ್ಲವನ್ನೂ ಮರೆತುಬಿಡುತ್ತದೆ. ಹಾಗಾಗಿ ಎರಡು ವರ್ಷದಿಂದ ಅವಳು ಅದನ್ನು ಆರಿಸಿಯೇ ಇರಲಿಲ್ಲ. ಕರೆಂಟು ಹೋದರೆ ಇರಲೆಂದು ಬ್ಯಾಟರಿಯನ್ನೂ ಕಟ್ಟಿಸಿದ್ದಳು.

ಯಾರೂ ಹಿಡಿಯದಿದ್ದರೂ ತೆರೆಯ ಮೇಲೆ ವಿಮಾನ ತಾನೇ ಹೊರಳುತ್ತಿತ್ತು. ನಾಲ್ಕು ನಿಮಿಷಕ್ಕೊಮ್ಮೆ ಅದೇ ರಾಗ. ಆಮೇಲೆ ಆ ಮೂರಕ್ಷರ. ಮುಚ್ಚಿದ ಅಂಗಡಿಯಲ್ಲಿ ಕೂತರೆ ಅಲ್ಲಿ ಯಾರೋ ಬೆನ್ನು ಮಾಡಿ ನಿಂತಂತೆ ಕಾಣುತ್ತಿತ್ತು. ಅವಳು ಹತ್ತಿರ ಹೋಗುತ್ತಿರಲಿಲ್ಲ. ಹೋದರೆ ಇಲ್ಲವಾಗಬಹುದು...

"ಎರಡು ದಿನದ ಕೆಲಸ ಅಂದಿದ್ದ," ಐದನೇ ದಿನ ಅತ್ತೆ ಗೊಣಗಿದರು. "ಏನಪ್ಪಾ ಚಕ್ರಪ್ಪ, ಚಕ್ರ ನೀನೇ ಎರಕ ಹೊಯ್ತಿದೀಯಾ?"

"ಹಲಗೆ ಹಳೇದು ಅಮ್ಮ. ಅವಸರ ಮಾಡಿದ್ರೆ ಸೀಳುತ್ತೆ."

"ಸೀಳೋದು ಹಲಗೆಯೋ, ನಿನ್ನ ಎದೆಯೋ!"

ಅವನ ಕಿವಿ ಕೆಂಪಾಯಿತು. ಅವಳು ಕೇಳಿಸದವಳಂತೆ ಚಹಾದ ಲೋಟ ಇಟ್ಟು ಒಳಗೆ ಹೋದಳು. ಒಳಗಿದ್ದಾಗ ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದಾಯಿತು. 'ಅವರು ಬಂದರು' ಎಂದುಕೊಂಡು ಅರ್ಧ ಎದ್ದಳು. ಅಲ್ಲಿರುವುದು ಗಂಡನಲ್ಲ, ಚಕ್ರದವನೆಂದು ನೆನಪಾಗಿ ಮತ್ತೆ ಕೂತಳು. ಆದರೆ ಈ ಸಲ ಕೂರುವುದು ಎಂದಿನಷ್ಟು ಭಾರವಾಗಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಎಂಟನೇ ದಿನ ಅವನೇ ಬಂದು ಕೇಳಿದ.

"ಇದಕ್ಕೂ ಹಾಕ್ತೀನಿ. ಮಲಗಿಸಲ್ಲ, ಆರಿಸಲ್ಲ. ಜಾಕ್ ಕೊಟ್ಟು ಒಂದೊಂದೇ ಮೂಲೆ ಎತ್ತಿ ಹಾಕ್ತೀನಿ. ನಂಬಿ."

"ಆರಿಹೋದ್ರೆ?"

"ಆರಲ್ಲ."

ಅವಳು ಆಗಲೆಂದು ತಲೆಯಾಡಿಸಿದಳು.

ಮರುದಿನ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿದ್ದಳು. ಏನೋ ಕಡಿಮೆಯಾಗಿದೆ ಅನ್ನಿಸಿತು. ಏನದು?

ರಾಗ! ರಾಗವೇ ಇಲ್ಲ!

ಓಡಿಬಂದಳು. ತೆರೆ ಕಪ್ಪಗಿತ್ತು.

"ಆರಿಸಿಬಿಟ್ರಾ...?"

"ಇಲ್ಲ, ಸ್ವಲ್ಪ ಕೇಳಿ..."

"ಅವರು ಇದೊಂದರಲ್ಲೇ ಉಳಿದಿದ್ದರು ಕಣ್ರೀ! ಹೋಗಿ! ಇಲ್ಲಿಂದ ಹೋಗಿ!"

ಅವನು ಹೊರಗೆ ನಡೆದ.

ಅವಳಿಗೆ ಅಳು ಬರಲಿಲ್ಲ. ಎರಡು ವರ್ಷದಿಂದಲೂ ಬಂದಿರಲಿಲ್ಲ. ತಣ್ಣನೆಯ ನೆಲದ ಮೇಲೆ ಹಾಗೇ ಕುಸಿದಳು. ಕೆನ್ನೆ ನೆಲಕ್ಕೆ ತಾಗಿದಾಗ ಗೋಡೆಯ ಪ್ಲಗ್ ಕಂಡಿತು. ಅದು ಹಾಕಿದ್ದಂತೆಯೇ ಇತ್ತು! ಯಾರೂ ಎಳೆಯದಂತೆ ಅದರ ಸುತ್ತ ಅವನು ಟೇಪು ಬೇರೆ ಸುತ್ತಿದ್ದ. ಮೆಷಿನ್ನಿನ ಬೆನ್ನ ಬಾಗಿಲ ಸಂದಿಯಲ್ಲಿ ಕೆಂಪು ದೀಪವೊಂದು ಉರಿಯುತ್ತಿತ್ತು.

ಮೂರು ಮೂಲೆಗೆ ಚಕ್ರ ಕೂತಿತ್ತು. ನಾಲ್ಕನೆಯದು ಇನ್ನೂ ಜಾಕಿನ ಮೇಲೆ. ಅವನು ಬಿಟ್ಟುಹೋದ ಟಾರ್ಚ್ ಆ ಮೂಲೆಯ ಅಡಿಗೇ ಬೆಳಕು ಚೆಲ್ಲುತ್ತಿತ್ತು.

ಅಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ ಒಂದು ಗುಂಡು ಗುರುತು. ಅದರೊಳಗೆ ಅವಳಿಗೆ ಗೊತ್ತಿದ್ದ, ಬಲಕ್ಕೆ ವಾಲಿದ ಗಂಡನ ಅಕ್ಷರ.

'ಇಲ್ಲಿ ಚಕ್ರ. ಅವಳೊಬ್ಬಳೇ ತಳ್ಳುವ ಹಾಗಿರಬೇಕು.'

ಯಾವಾಗಲೋ ಅದರ ಹಿಂದೆ ಗುಡಿಸಲು ಹೋಗಿ ಅವಳು ಸೊಂಟ ಉಳುಕಿಸಿಕೊಂಡಿದ್ದಳು. 'ಚಕ್ರ ಹಾಕಿಸ್ತೀನಿ ಬಿಡೇ' ಎಂದು ನಕ್ಕಿದ್ದ ಗಂಡ. ಆಮೇಲೆ ರಿಪೇರಿಗೆಂದು ಮಲಗಿಸಿದಾಗ ಬರೆದಿರಬೇಕು...

ಎರಡು ವರ್ಷದ ಅಳು ಒಮ್ಮೆಲೇ ಬಂತು.

ಅವಳು ಎದ್ದು ಬಾಗಿಲಿಗೆ ಓಡಿದಳು. ಅವನು ಮೆಟ್ಟಿಲ ಮೇಲೇ ಕೂತಿದ್ದ. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ನೀರಿನ ಚೊಂಬು.

"ಹೋಗಿಲ್ವಾ ನೀವು?"

"ಮೆಷಿನ್ ಜಾಕ್ ಮೇಲಿದೆ. ಅದನ್ನ ಹಾಗೇ ಬಿಟ್ಟು ಹೋಗೋದು ಹೇಗೆ?"

"ಆ ಮೂಲೆ ಯಾಕೆ ಬಿಟ್ರಿ?"

"ಬರಹದ ಮೇಲೇ ತೂತು ಬೀಳುತ್ತೆ. ನಿಮ್ಮನ್ನ ಕೇಳಿ ಹಾಕೋಣ ಅಂತಿದ್ದೆ. ಅಷ್ಟರಲ್ಲಿ ತೆರೆಯ ವೈರು ಅಲುಗಾಡಿ ಕಳಚ್ತು."

"ರಾಗ?"

"ಅದರ ವೈರನ್ನ ನಾನೇ ತೆಗೆದೆ. ಅಡಿಗೆ ತಲೆ ಹಾಕಿದಾಗ ಅದು ಇದ್ದಕ್ಕಿದ್ದಂತೆ ಹಾಡಿದ್ರೆ... ನಾನೂ ಅವರ ಹಿಂದೇನೇ ಹೋಗ್ತಿದ್ದೆ."

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅಳುತ್ತಲೇ ಅವಳಿಗೂ ನಗು ಬಂತು.

ವೈರು ಸಿಕ್ಕಿಸಿದ. ತೆರೆ ಬೆಳಗಿತು. ಪಟ್ಟಿಯ ತುದಿಯಲ್ಲಿ ಮೂರಕ್ಷರ ಇದ್ದವು, ಇದ್ದಂತೆಯೇ.

"ನಾಲ್ಕನೆಯದನ್ನ ಎರಡು ಬೆರಳಷ್ಟು ಒಳಗೆ ಸರಿಸಿ ಹಾಕಿ," ಅಂದಳು ಅವಳು. "ಬರಹ ಉಳೀಲಿ."

ಅವನು ಬರಹದ ಪಕ್ಕದಲ್ಲಿ ಬೋಲ್ಟು ಬಿಗಿದು, ಜಾಕ್ ಇಳಿಸಿ, ದೂರ ಸರಿದು ನಿಂತ.

ಅವಳು ಟೇಪನ್ನು ನಿಧಾನವಾಗಿ ಬಿಡಿಸಿದಳು. ಬ್ಯಾಟರಿಯ ತಂತಿ ತೆಗೆದಳು. ಮೂರಕ್ಷರವನ್ನು ಒಂದು ಸಲ, ಮಗುವಿಗೆ ಓದಿ ಹೇಳುವಂತೆ, ಬಿಡಿಬಿಡಿಯಾಗಿ ಓದಿದಳು. ಪ್ಲಗ್ ಎಳೆದಳು.

ತೆರೆಯ ನಡುವೆ ಒಂದು ಬಿಳಿ ಚುಕ್ಕಿ ಕೊಂಚ ಹೊತ್ತು ಇತ್ತು. ಆಮೇಲೆ ಅದೂ ಇರಲಿಲ್ಲ.

ಅಂಗಡಿಯಲ್ಲಿ ಯಾರೂ ಬೆನ್ನು ಮಾಡಿ ನಿಂತಿರಲಿಲ್ಲ.

ಅವಳು ಎರಡೂ ಅಂಗೈ ಊರಿ ತಳ್ಳಿದಳು. ಅಷ್ಟು ದೊಡ್ಡ ಮೆಷಿನ್ನು ತೊಟ್ಟಿಲಿನಂತೆ ಹೊರಟಿತು. ಒಬ್ಬಳೇ! ಹಿಂದಿನ ಕೋಣೆಯ ಹೊಸ್ತಿಲ ತನಕ ಹೋಗಿ ನಿಂತಿತು.

"ಏಳಕ್ಕೂ ಸೇರಿ ಎರಡೇ ದಿನ ಸಾಕಿತ್ತು," ಹಿಂದಿನಿಂದ ಅವನ ದನಿ ತಗ್ಗಿ ಬಂತು. "ಒಂಬತ್ತು ದಿನ ಮಾಡಿದೆ. ಯಾಕೆ ಅಂತ ಅಮ್ಮನಿಗೆ ಗೊತ್ತು."

ಅವಳು ತಿರುಗಲಿಲ್ಲ.

"ನನಗೂ ಗೊತ್ತು."

"ಮತ್ತೆ... ನಾನು ಹೋಗ್ಲಾ?"

"ಹೊಸ್ತಿಲಿದೆಯಲ್ಲ," ಅಂದಳು. "ಇಲ್ಲಿ ಒಬ್ಬಳ ಕೈಲಿ ಆಗಲ್ಲ. ಆ ಕಡೆ ಹಿಡ್ಕೊಳ್ಳಿ."