ಎತ್ತದ ಬಾವುಟ

“ಎತ್ತೇ ತಾಯಿ, ನಿಮ್ಮಪ್ಪ ಅಲ್ಲಿ ಕಾಯ್ತಿದ್ದಾನೆ,” ಎಂದಳು ಅಜ್ಜಿ.

“ಕಾಯ್ಲಿ ಬಿಡು,” ಎಂದಳು ಚಿನಕುರಳಿ. ಕೈಯಲ್ಲಿದ್ದ ಕೆಂಪು-ಬಿಳಿ ಪಟ್ಟೆಯ ಬಾವುಟವನ್ನು ಬಂದರಿನ ಕಟ್ಟೆಯ ಮೇಲೆ ಹಾಸಿ, ಅದರ ಮೇಲೇ ಕೂತುಬಿಟ್ಟಳು. ಬಾಯಿ ಬಿಟ್ಟರೆ ಪಟಪಟ ಅನ್ನುತ್ತಾಳೆಂದು ಮನೆಯವರು ಅವಳಿಗೆ ಆ ಹೆಸರಿಟ್ಟಿದ್ದರು. ಇವತ್ತು ಮಾತ್ರ ಮುಖ ಊದಿಸಿಕೊಂಡಿದ್ದಳು.

ನೌಕಾಪಡೆಯ ಹಡಗು ಆಗಲೇ ಹೊರಟಿತ್ತು. ಅದರ ಹಿಂಭಾಗದಲ್ಲಿ ಅಪ್ಪ ನಿಂತಿದ್ದ. ಬಾವುಟ ತೋರಿಸಿ ದೂರದ ಹಡಗುಗಳಿಗೆ ಸುದ್ದಿ ಹೇಳುವುದು ಅವನ ಕೆಲಸ. ಪ್ರತಿ ಸಲ ಹೊರಡುವಾಗಲೂ ಮಗಳಿಗೊಂದು ಸಿಗ್ನಲ್ ಕೊಡುತ್ತಿದ್ದ. ಇವತ್ತು ಎರಡೂ ಕೈ ಮೇಲೆತ್ತಿ ಹಿಡಿದದ್ದು ನೀಲಿ ಬಾವುಟ, ನಡುವೆ ಬಿಳಿ ಚುಕ್ಕೆ. ‘ಹಿಂದೆ ಹೇಳಿದ್ದು ತಪ್ಪಾಯಿತು’ ಎಂದು ಅದರ ಅರ್ಥ.

“ತಪ್ಪಂತೆ ತಪ್ಪು. ಸ್ಕೂಲ್ ನಾಟಕಕ್ಕೆ ಖಂಡಿತ ಬರ್ತೀನಿ ಅಂದಿದ್ದ. ನಂದು ರಾಣಿ ಪಾರ್ಟು. ಈಗ ನೋಡು, ಹೊರಟೇಬಿಟ್ಟ. ಸುಳ್ಳುಗಾರ.”

“ಆರ್ಡರ್ ಬಂದ್ರೆ ಅವನೇನು ಮಾಡ್ತಾನೆ? ನೀನು ಪಟ್ಟೆ ಬಾವುಟ ತೋರಿಸೋ ತನಕ ಅವನು ಕೈ ಇಳಿಸಲ್ಲ ಕಣೇ.”

ಅದು ಅವರ ನೌಕಾಪಡೆಯ ನಿಯಮ. ಆಚೆಯವರು ಪಟ್ಟೆ ಬಾವುಟ ಎತ್ತಿ ‘ಕಂಡೆ’ ಎನ್ನುವವರೆಗೆ ಈಚೆಯವರು ತಮ್ಮದನ್ನು ಇಳಿಸುವಂತಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಅಪ್ಪನೇ ಸೋಲುತ್ತಾನೆ ಅಂದುಕೊಂಡಳು ಚಿನಕುರಳಿ.

ಅಪ್ಪ ಇಳಿಸಲಿಲ್ಲ. ಹಡಗು ಚಿಕ್ಕದಾಗುತ್ತಾ ಹೋಯಿತು. ಗಾಳಿಗೆ ಬಾವುಟ ಅವನ ಮುಖಕ್ಕೆ ಬಡಿಯುತ್ತಿತ್ತು. ಪಕ್ಕದಲ್ಲಿದ್ದವರೆಲ್ಲ ಒಳಗೆ ಹೋದರು, ಅವನೊಬ್ಬನೇ ಹಾಗೇ ನಿಂತಿದ್ದ.

ಚಿನಕುರಳಿ ದಡಬಡ ಎದ್ದು, ಬಾವುಟ ಎಳೆದುಕೊಂಡು, ತುದಿಗಾಲಲ್ಲಿ ನಿಂತು ಬೀಸಿದಳು. ಅಷ್ಟರಲ್ಲಿ ಹಡಗು ದೀಪಸ್ತಂಭದ ಆಚೆ ತಿರುಗಿಬಿಟ್ಟಿತ್ತು.

ನಾಟಕ ಮುಗಿಯಿತು. ಚಪ್ಪಾಳೆಯೂ ಜೋರಾಗಿಯೇ ಬಿತ್ತು. ಕಿರೀಟ ಹಾಕಿಕೊಂಡು ನಿಂತಾಗಲೂ ಅವಳ ಕಣ್ಣಿಗೆ ಅಪ್ಪನ ಎತ್ತಿದ ಕೈಗಳೇ ಕಟ್ಟಿದ್ದವು. ಯಾಕಾದರೂ ಹಾಗೆ ಮಾಡಿದೆನೋ ಎಂದು ಅಳು ಬಂತು.

ಆಮೇಲೊಂದು ದಿನ ಬೇರೆ ಬಂದರಿನಿಂದ ಅಪ್ಪನ ಫೋನ್ ಬಂತು.

“ಏನೇ ರಾಣಿ, ನಾಟಕ ಹೇಗಾಯ್ತು?”

“ಚೆನ್ನಾಗಾಯ್ತು.”

“ಅವತ್ತು ಬಿಸಿಲು ಕಣ್ಣಿಗೆ ಹೊಡೀತಿತ್ತು ಕಣೇ. ನೀನು ಬಾವುಟ ಎತ್ತಿದ್ದು ನಂಗೆ ಕಾಣ್ಲೇ ಇಲ್ಲ. ಬೇಜಾರು ಮಾಡ್ಕೋಬೇಡ.”

ಅವತ್ತು ಬಿಸಿಲು ಇದ್ದದ್ದು ಅಪ್ಪನ ಬೆನ್ನಿಗೆ. ಕಣ್ಣಿಗೆ ಹೊಡೆದಿದ್ದು ಚಿನಕುರಳಿಗೆ. ಈಗ ಬರೀ “ಹೂಂ” ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಅಪ್ಪಾ, ನೀನು ಕಾಯ್ತಿದ್ದದ್ದು ನಂಗೆ ಕಾಣಿಸ್ತಿತ್ತು. ಬೇಕಂತಲೇ ಎತ್ಲಿಲ್ಲ. ಆಮೇಲೆ ಎತ್ತಿದೆ, ನೀನು ಆಗ್ಲೇ ಹೋಗ್ಬಿಟ್ಟಿದ್ದೆ.”

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ಕೈ ತುಂಬ ನೋವಾಯ್ತಾ ಅಪ್ಪಾ?”

“ಏ, ಇಲ್ಲ ಕಣೇ. ಅದೆಂಥ ನೋವು,” ಎಂದ ಅಪ್ಪ.

ಇದೂ ಸುಳ್ಳು ಎಂದು ಅವಳಿಗೆ ಗೊತ್ತಾಯಿತು. ಆದರೆ ಈ ಸಲ ಸುಳ್ಳುಗಾರ ಎನ್ನಲು ಬಾಯಿ ಬರಲಿಲ್ಲ.